ಸ್ಮಾರ್ಟ್ ಬೀದಿದೀಪದಲ್ಲಿ ಕರೆಂಟ್ ನಿಜಕ್ಕೂ ಉಳಿಯುತ್ತದೆಯೇ? ನನ್ನ ಅನುಭವ

ಉಳಿಯುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ಎಲ್‌ಇಡಿಯದು, ದೂರದಿಂದ ನಿಯಂತ್ರಿಸುವ, ಡಿಮ್ ಮಾಡುವ ‘ಸ್ಮಾರ್ಟ್’ ಭಾಗದ್ದಲ್ಲ. ಮುಖ್ಯರಸ್ತೆಯ 250 ವ್ಯಾಟ್ ಸೋಡಿಯಂ ದೀಪ ಚೋಕ್ ನಷ್ಟವೂ ಸೇರಿ ಸುಮಾರು 280 ವ್ಯಾಟ್ ಎಳೆಯುತ್ತದೆ. ರಾತ್ರಿಗೆ ಹನ್ನೊಂದೂವರೆ ಗಂಟೆ ಉರಿದರೆ 3.2 ಯೂನಿಟ್. ಅದೇ ಕಂಬಕ್ಕೆ 120 ವ್ಯಾಟ್ ಎಲ್‌ಇಡಿ ಹಾಕಿದರೆ 1.4 ಯೂನಿಟ್. ರಾತ್ರಿ 11ರಿಂದ ಬೆಳಗಿನ 5ರವರೆಗೆ ಅರ್ಧಕ್ಕೆ ಡಿಮ್ ಮಾಡಿದರೆ ಮತ್ತೊಂದು 0.3 ಯೂನಿಟ್ ಉಳಿಯುತ್ತದೆ.

ಅಡ್ಡರಸ್ತೆಯ 20 ವ್ಯಾಟ್ ದೀಪಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಡಿಮ್ಮಿಂಗ್‌ನಿಂದ ರಾತ್ರಿಗೆ 55 ವ್ಯಾಟ್-ಅವರ್ ಉಳಿದರೆ, ಡಿಮ್ ಮಾಡಲು ಕಂಬದ ಮೇಲೆ ಕೂರಿಸುವ ಕಂಟ್ರೋಲರ್ ತಾನೇ ಒಂದೂವರೆ ವ್ಯಾಟ್‌ನಂತೆ ದಿನವಿಡೀ 36 ತಿನ್ನುತ್ತದೆ. ವರ್ಷಕ್ಕೆ ಕೈಗೆ ಬರುವುದು ಏಳು ಯೂನಿಟ್. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಕಂಬಕ್ಕೊಂದು ಕಂಟ್ರೋಲರ್ ಹಾಕಿದರೆ ಬೀದಿದೀಪದ ಲೈನಿಗೆ ಹಗಲಲ್ಲೂ ಕರೆಂಟ್ ಇರಬೇಕು. ಆಗ ಪೆಂಡಾಲ್, ತಳ್ಳುಗಾಡಿಯವರು ಲೈನಿಗೆ ಹಾಕುವ ಕಳ್ಳ ಕೊಕ್ಕೆಗಳು ಇಪ್ಪತ್ನಾಲ್ಕು ಗಂಟೆಯೂ ಎಳೆಯುತ್ತವೆ. ಹಾಗಾಗಿ ಅಡ್ಡರಸ್ತೆಗಳಿಗೆ ನಾವು ಹಾಕುವುದು ಪ್ಯಾನಲ್ ಮಟ್ಟದ ಸಿಸಿಎಂಎಸ್ (ಇಡೀ ಸಾಲಿನ ದೀಪಗಳನ್ನು ಒಂದೇ ಪೆಟ್ಟಿಗೆಯಿಂದ ನಿಯಂತ್ರಿಸಿ ಗಮನಿಸುವ ವ್ಯವಸ್ಥೆ) ಮಾತ್ರ: ಮೀಟರ್, ಎಂಸಿಬಿ, ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಇಡೀ ಲೈನ್ ಆನ್ ಮಾಡುವ ಸ್ವಿಚ್), ಮೊಬೈಲ್ ಜಾಲದ ಜಿಎಸ್ಎಂ ಮೋಡೆಮ್, ಸೂರ್ಯೋದಯ-ಸೂರ್ಯಾಸ್ತ ತಾನೇ ಲೆಕ್ಕ ಹಾಕುವ ಅಸ್ಟ್ರೋ ಟೈಮರ್. ಬೆಳಿಗ್ಗೆ ಇಡೀ ಲೈನೇ ಸತ್ತಿರುತ್ತದೆ.

ಬೆಳಕು ಕಡಿಮೆಯಾದಾಗ ದೀಪ ಹೊತ್ತಿಸುವ ಫೋಟೋಸೆಲ್ ನಮ್ಮ ಬೆಂಗಳೂರಿಗೆ ಬೇಡ. ಮಳೆಮರದ ನೆರಳಿಗೆ ಸಿಕ್ಕ ಸೆಲ್‌ಗೆ ಮಧ್ಯಾಹ್ನವೂ ಸಂಜೆಯೇ. ಟೈಮರ್‌ಗೆ ಅಕ್ಷಾಂಶ 12.97, ರೇಖಾಂಶ 77.59 ಕೊಟ್ಟರೆ ಸಾಕು, ನವೆಂಬರ್‌ನ 5.50ರ ಸೂರ್ಯಾಸ್ತ, ಜುಲೈನ 6.50ರ ಸೂರ್ಯಾಸ್ತ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಒಳಗಿನ ಬ್ಯಾಟರಿ ಸತ್ತರೆ ಮಾತ್ರ ಪವರ್ ಕಟ್ ಆದಾಗಲೆಲ್ಲ ಗಡಿಯಾರ ತಪ್ಪುತ್ತದೆ.

ಹಗಲು ದೀಪ ಉರಿಯುತ್ತಿದ್ದರೆ ಮೊದಲು ಕಾಂಟ್ಯಾಕ್ಟರ್ ಬಿಚ್ಚಿ ನೋಡಿ. ಎಲ್‌ಇಡಿ ಡ್ರೈವರ್‌ಗಳ (ದೀಪಕ್ಕೆ ಬೇಕಾದ ಕರೆಂಟ್ ಒದಗಿಸುವ ಸರ್ಕ್ಯೂಟ್) ಕೆಪಾಸಿಟರ್‌ಗಳು ಸ್ವಿಚ್ ಬಿದ್ದ ಕ್ಷಣ ಒಟ್ಟಿಗೇ ಚಾರ್ಜ್ ಆಗುವುದರಿಂದ, ಸಾಮಾನ್ಯ ಕರೆಂಟಿನ ಹಲವು ಪಟ್ಟು ಒಂದೇ ಏಟಿಗೆ ನುಗ್ಗುತ್ತದೆ. ಬೆಳ್ಳಿಯ ತುದಿಗಳು ಕರಗಿ ಅಂಟಿಕೊಂಡಿರುತ್ತವೆ. ಕಾಯಿಲ್‌ಗೆ ಕರೆಂಟ್ ನಿಂತರೂ ಬಿಡುವುದಿಲ್ಲ. ಕಾಂಟ್ಯಾಕ್ಟರ್‌ನ ಆ್ಯಂಪಿಯರ್ ರೇಟಿಂಗ್ ಒಂದು ಹಂತ ಮೇಲಿರಲಿ, ಎಂಸಿಬಿ ಇಂಥ ಕ್ಷಣಿಕ ಏಟನ್ನು ತಡೆದುಕೊಳ್ಳುವ ಸಿ-ಕರ್ವ್ ಇರಲಿ, ಮೂರು ಫೇಸ್‌ಗಳನ್ನು ಕೆಲವು ಸೆಕೆಂಡ್ ಬಿಟ್ಟು ಬಿಟ್ಟು ಆನ್ ಮಾಡಿ. ನ್ಯೂಟ್ರಲ್ ಜಾಯಿಂಟ್ ಸಡಿಲವಾದರೆ 230ರ ಜಾಗದಲ್ಲಿ 400 ವೋಲ್ಟ್ ಹತ್ತಿರ ಬಂದು ಡ್ರೈವರ್‌ಗಳು ಸಾಲಾಗಿ ಸುಡುತ್ತವೆ. 10 ಕೆವಿ ಸರ್ಜ್ ಪ್ರೊಟೆಕ್ಟರ್ ಇದಕ್ಕೆ ರಕ್ಷಣೆಯಲ್ಲ, ಅದು ಸಿಡಿಲಿನ ಸರ್ಜ್‌ಗೆ.

ಉಳಿತಾಯದ ಅಂಕಿಯನ್ನು ಕಾಗದದ ಮೇಲಿನ ವ್ಯಾಟೇಜ್‌ನಿಂದ ತೆಗೆಯಬೇಡಿ, ದಯವಿಟ್ಟು. ಹಳೆ ದೀಪಗಳಿರುವಾಗಲೇ ಪ್ಯಾನಲ್‌ಗೆ ಮೀಟರ್ ಕೂರಿಸಿ ಒಂದು ವಾರ ಓದಿ, ರಾತ್ರಿ ನಡೆದುಹೋಗಿ ಉರಿಯುತ್ತಿರುವ ದೀಪಗಳನ್ನು ಎಣಿಸಿ. ನೂರರಲ್ಲಿ ಇಪ್ಪತ್ತು ಕೆಟ್ಟಿದ್ದರೆ, ಹೊಸದು ಹಾಕಿದ ಮೇಲೆ ಆ ಇಪ್ಪತ್ತೂ ಉರಿಯುತ್ತವೆ. ಬಿಲ್ಲಿನಲ್ಲಿ ಕಾಣುವ ಇಳಿಕೆ ಅಷ್ಟು ಕಡಿಮೆಯಾಗುತ್ತದೆ. ಆ ಬೆಳಕು ಬೀದಿಗೆ ಬೇಕಾದದ್ದೇ, ಅದನ್ನು ನಷ್ಟ ಎಂದು ಬರೆಯಬಾರದು. ಎಲ್‌ಇಡಿ ಕೂತ ಮೇಲೂ ಓದಿದ ಅಂಕಿ ದೀಪಗಳ ಒಟ್ಟು ವ್ಯಾಟ್‌ಗಿಂತ ಹೆಚ್ಚಿದ್ದರೆ ಲೈನ್ ಉದ್ದಕ್ಕೂ ಕ್ಲ್ಯಾಂಪ್ ಮೀಟರ್ (ತಂತಿ ಕತ್ತರಿಸದೆ ಕರೆಂಟ್ ಅಳೆಯುವ ಮೀಟರ್) ಹಿಡಿದು ಕೊಕ್ಕೆ ಹುಡುಕಿ.