ಕಾದಂಬರಿಗೂ ಒಂದು ಶಿಲ್ಕು ಇರಲಿ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವವಳು. ಬಿಡುವು ಸಿಕ್ಕಾಗ ಕಾದಂಬರಿ ಬರೆಯುವವಳು. "ಇಷ್ಟೆಲ್ಲ ಗದ್ದಲದಾಗೆ ಬರಿಯಾಕೆ ಮನಸ್ಸಾದ್ರೂ ಹೆಂಗ್ ಬರ್ತತಿ?" ಅಂತ ಗೆಳತಿಯರು ಕೇಳುತ್ತಾರೆ. ಮನಸ್ಸು ಬರಲಿ ಅಂತ ಕಾದರೆ ಅದು ಬರುವುದೇ ಇಲ್ಲ. ನಾಳೆಗೆ ಏನಾದರೂ ಉಳಿಸಿಟ್ಟು ಏಳುವುದನ್ನು ಕಲಿಯಬೇಕು.

ಅಂಗಡಿಯ ಖಿರ್ದಿಯಲ್ಲಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕದಲ್ಲಿ, ದಿನದ ಕೊನೆಗೆ ಅಖೈರು ಶಿಲ್ಕು, ಅಂದರೆ ಕೊನೆಗೆ ಕೈಯಲ್ಲಿ ಉಳಿದ ಮೊತ್ತ, ತೆಗೆಯುತ್ತೇವೆ. ಮರುದಿನ ಅದೇ ಮೊತ್ತ ಆರಂಭ ಶಿಲ್ಕಾಗಿ ಹೊಸ ಪುಟದ ತಲೆಯ ಮೇಲೆ ಕೂರುತ್ತದೆ. ಖಾಲಿ ಪುಟದಿಂದ ಯಾವ ದಿನವೂ ಶುರುವಾಗುವುದಿಲ್ಲ. ಕಾದಂಬರಿಗೂ ಹಾಗೇ ಮಾಡಿ. ಏಳುವ ಮುಂಚೆ ಪುಟದ ಕೆಳಗೆ ಮೂರು ಸಂಗತಿ ಬರೆದಿಡಿ: ಪಾತ್ರ ಎಲ್ಲಿ ನಿಂತಿದೆ, ಕೈಯಲ್ಲಿ ಏನಿದೆ, ಮುಂದೆ ಬಾಯಿ ಬಿಡುವವರು ಯಾರು.

ನನ್ನದು ಹತ್ತಿ ಗಿರಣಿಗಳ ಕಾಲದ ಕಥೆ; ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ದಿನಗಳದ್ದು. ಮೊನ್ನೆಯ ಶಿಲ್ಕು ಹೀಗಿತ್ತು: "ಗಂಗವ್ವ ಗಿರಣಿ ಗೇಟಿನ ಹೊರಗೆ. ಕೈಯಲ್ಲಿ ಗಂಡನ ಬುತ್ತಿ, ರೊಟ್ಟಿ ತಣ್ಣಗಾಗಿದೆ. ಈಗ ವಾಚ್‌ಮನ್ ಮಾತಾಡಬೇಕು, ನಿಜ ಹೇಳಬಾರದು."

ಇಷ್ಟಿದ್ದರೆ ಸಾಕು. 'ಕಥೆ ಮುಂದೇನು' ಅನ್ನುವ ಪ್ರಶ್ನೆಯನ್ನು ರೊಟ್ಟಿ ಬಡಿಯುತ್ತಾ ಹೊರಲಾಗದು, ಅದು ಭಾರ. 'ವಾಚ್‌ಮನ್ ಯಾವ ಸುಳ್ಳು ಹೇಳುತ್ತಾನೆ' ಅನ್ನುವುದನ್ನು ಹೊರಬಹುದು. ಮಗನ ಹೋಮ್‌ವರ್ಕ್, ಅತ್ತೆಯ ಧಾರಾವಾಹಿ, ಆಟೋದವನ ಜತೆಗಿನ ಚಿಲ್ಲರೆ ಜಗಳ, ಇವುಗಳ ನಡುವೆಯೇ ಆ ಸುಳ್ಳು ಒಂದು ಆಕಾರಕ್ಕೆ ಬರುತ್ತದೆ. ಆಮೇಲೆ ನೀವೇ ನೋಟ್‌ಬುಕ್ಕು ಹುಡುಕಿಕೊಂಡು ಹೋಗುತ್ತೀರಿ. ಒಂದು ಎಚ್ಚರಿಕೆ: ಶಿಲ್ಕಿನಲ್ಲಿ ಭಾವನೆ ಬರೆಯಬೇಡಿ. 'ಗಂಗವ್ವನ ದುಃಖ ತೋರಿಸಬೇಕು' ಅಂತ ಬರೆದಿಟ್ಟರೆ ಮರುದಿನ ಅದರಿಂದ ಒಂದು ವಾಕ್ಯವೂ ಹುಟ್ಟುವುದಿಲ್ಲ. ಬುತ್ತಿ ಬೇಕು, ಗೇಟು ಬೇಕು.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರೆಯಿರಿ ಅನ್ನುವವರನ್ನು, ಅವರ ಮನೆಗೆ ನಲ್ಲಿ ನೀರು ಬಂದಾಗ ಹಿಡಿಯುವವರು ಯಾರು ಅಂತ ಕೇಳಬೇಕು. ಹೇಗೂ ಬರುವ ಒಂದು ಬಿಡುವಿಗೆ ಬರವಣಿಗೆಯನ್ನು ಗಂಟು ಹಾಕಿ. ನನಗೆ ಅದು ಟೆಂಡರ್ ದರ, ಅಂದರೆ ರೈತರ ಮಾಲಿಗೆ ಖರೀದಿದಾರರು ಕೂಗಿದ ಬೆಲೆ, ಗೊತ್ತಾಗುವ ತನಕದ ಹೊತ್ತು. ರೈತರು ಚಹಾಕ್ಕೆ ಹೋಗಿರುತ್ತಾರೆ, ಸಾವ್ಕಾರ್ರು ಫೋನಿನಲ್ಲಿರುತ್ತಾರೆ. ಉದ್ದನೆ ನೋಟ್‌ಬುಕ್ಕಿನ ಒಂದು ಮಗ್ಗುಲು ತುಂಬಿಸುತ್ತೇನೆ, ಸುಮಾರು 200 ಪದ. ವರ್ಷದಲ್ಲಿ 300 ದಿನ ಹೀಗೆ ಬರೆದರೆ 60,000 ಪದ. ಒಂದು ಕಾದಂಬರಿಗೆ ಧಾರಾಳವಾಯಿತು. ನೋಡಿದವರಿಗೆ ನಾನು ಲೆಕ್ಕವನ್ನೇ ಬರೆಯುತ್ತಿರುವಂತೆ ಕಾಣುತ್ತದೆ, ಅದೊಂದು ಅನುಕೂಲ. "ಅಕ್ಕಾರೆ, ನನ್ ಪಟ್ಟಿ ಆತೇನ್ರಿ?" ಅಂತ ರೈತರೊಬ್ಬರು ಇಣುಕಿದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ನಿಲ್ಲಲಿ. ಅರ್ಧ ವಾಕ್ಯಕ್ಕೆ ವಾಪಸ್ ಬರುವುದು ಹೊಸ ಅಧ್ಯಾಯ ಶುರು ಮಾಡುವುದಕ್ಕಿಂತ ಸುಲಭ.

ಮೊದಲ ಕರಡು ಕಾಗದದ ಮೇಲೇ ಇರಲಿ. ಫೋನಿನಲ್ಲಿ ಬರೆಯಲು ಹೋದರೆ ನಾದಿನಿ ಮಗಳ ಸೀಮಂತದ ಫೋಟೊಗಳು ಕಾಯುತ್ತಿರುತ್ತವೆ. ಭಾನುವಾರ ಕಂಪ್ಯೂಟರಿನಲ್ಲಿ ಕನ್ನಡದ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಕೊಳ್ಳಿ, ಯೂನಿಕೋಡ್‌ನಲ್ಲೇ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರ ಕಲಸುಮೇಲೋಗರ ಆಗುವುದಿಲ್ಲ. ಟೈಪ್ ಮಾಡುವಾಗ ಬೇಡದ ಸಾಲುಗಳು ತಾವಾಗಿ ಉದುರುತ್ತವೆ.

ಇನ್ನೊಂದು ಅಡ್ಡಿ ಓದಿಕೊಂಡವರಿಗೇ ಹೆಚ್ಚು: ಮಾಹಿತಿ ಹುಡುಕಾಟ. ಗಂಗವ್ವ ಹರಿಹರದಿಂದ ಬರಬೇಕು, 14 ಕಿಲೋಮೀಟರ್. ಆಗ ಬಸ್ ಚಾರ್ಜ್ ಎಷ್ಟಿತ್ತು ಅಂತ ಇಂಟರ್‌ನೆಟ್ಟಿನಲ್ಲಿ ಕೂತರೆ ಹೊತ್ತು ಮುಳುಗುತ್ತದೆ, ಗಂಗವ್ವ ಮಾತ್ರ ಹರಿಹರದಲ್ಲೇ ಇರುತ್ತಾಳೆ. ಅಂಚಿನಲ್ಲಿ 'ನೋಡು' ಅಂತ ಬರೆದು ಅವಳನ್ನು ಬಸ್ ಹತ್ತಿಸಿ. ಎಲ್ಲ 'ನೋಡು'ಗಳನ್ನು ಕರಡು ಮುಗಿದ ಮೇಲೆ ಒಟ್ಟಿಗೆ ನೋಡಿದರಾಯಿತು.

ಕಥೆಯನ್ನು ಯಾರಿಗೂ ಬಾಯಲ್ಲಿ ಹೇಳಬೇಡಿ. ಹೇಳಿ ಶಭಾಷ್ ಅನ್ನಿಸಿಕೊಂಡರೆ ಬರೆಯುವ ಆಸೆಯೇ ಇಳಿದುಹೋಗುತ್ತದೆ. 'ಈ ವಾರ ಎಷ್ಟು ಪುಟ?' ಅಂತಷ್ಟೇ ಕೇಳುವ ಒಬ್ಬರು ಇದ್ದರೆ ಸಾಕು. ನನಗೆ ನನ್ನ ತಮ್ಮ ಇದ್ದಾನೆ. ಅವನು ಪುಸ್ತಕ ಓದುವವನಲ್ಲ, ಅದಕ್ಕೇ ಅವನನ್ನು ಆರಿಸಿಕೊಂಡೆ.

ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿದಾಗ ನನ್ನ ಬಿಡುವೂ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಮನೆ ತುಂಬ ನೆಂಟರು, ಪೆನ್ನು ಇಡಲೂ ಜಾಗವಿಲ್ಲ. ಅಂಥ ದಿನಗಳಲ್ಲಿ ಪುಟದ ಗುರಿ ಕೈಬಿಡಿ. ಮಲಗುವ ಮುಂಚೆ ಹಳೆಯ ಶಿಲ್ಕನ್ನೇ ಮತ್ತೊಮ್ಮೆ ಬರೆಯಿರಿ, ಬೇಕಿದ್ದರೆ ಒಂದು ಪದ ಬದಲಿಸಿ. ಗದ್ದಲ ಮುಗಿದ ಮೇಲೆ ಕಾದಂಬರಿಯನ್ನು ಮೊದಲಿಂದ ಓದಲು ಹೋಗಬೇಡಿ, ಓದಿದರೆ ತಿದ್ದುವುದರಲ್ಲೇ ತಿಂಗಳು ಕಳೆಯುತ್ತದೆ. ಕೊನೆಯ ಎರಡು ಪುಟ ಓದಿ, ಕೊನೆಯ ಪ್ಯಾರಾವನ್ನು ಹೊಸ ಹಾಳೆಗೆ ಕೈಯಾರೆ ನಕಲು ಮಾಡಿ, ಅದರ ಕೆಳಗೇ ಮುಂದುವರಿಸಿ.