ಪತ್ರಕರ್ತರಿಗೆ ಸ್ನಾತಕೋತ್ತರ ಓದು: ಆಯ್ದುಕೊಳ್ಳುವ ಬಗೆ

ಪತ್ರಿಕೋದ್ಯಮದಲ್ಲಿ ಮುಂದೆ ಓದಬೇಕೆನ್ನುವವರು ಎರಡು ವರ್ಷದ ಎಂ.ಎ.ಗೂ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಮುಂದೆಂದಾದರೂ ಸಹಾಯಕ ಪ್ರಾಧ್ಯಾಪಕರಾಗುವ ಆಸೆ ಹುಟ್ಟಿದರೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯಬೇಕಾಗುತ್ತದೆ. ಅದಕ್ಕೆ ಸ್ನಾತಕೋತ್ತರ ಪದವಿಯಲ್ಲಿ ಶೇ 55ರಷ್ಟು ಅಂಕ ಬೇಕು, ಮೀಸಲಾತಿ ವರ್ಗದವರಿಗೆ ಶೇ 50 ಸಾಕು. ಡಿಪ್ಲೊಮಾ ಸಾಮಾನ್ಯವಾಗಿ ಆ ಪದವಿಗೆ ಸಮವೆನಿಸುವುದಿಲ್ಲ. ಸುದ್ದಿಮನೆಯನ್ನೇ ಸೇರುವುದೆಂದು ನಿಶ್ಚಯಿಸಿದವರಿಗೆ ಇದು ದೊಡ್ಡ ಕೊರತೆಯಲ್ಲ.

ಮೈಸೂರಿನ ಮಾನಸಗಂಗೋತ್ರಿ, ಧಾರವಾಡ, ಮಂಗಳಗಂಗೋತ್ರಿ, ಶಂಕರಘಟ್ಟ, ಕಲಬುರಗಿ ಮೊದಲಾದ ಕಡೆಗಳ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎ. ಇದೆ. ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಬಹಳ ಕಡಿಮೆ. ಪದವಿಯಲ್ಲಿ ಪತ್ರಿಕೋದ್ಯಮ ಓದಿರಲೇಬೇಕೇ, ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದನ್ನು ಆಯಾ ವರ್ಷದ ಪ್ರವೇಶ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಅರ್ಜಿ ಹಾಕುವ ಮುನ್ನ ಒಮ್ಮೆ ವಿಭಾಗಕ್ಕೆ ಹೋಗಿ, ವಿದ್ಯಾರ್ಥಿಗಳು ಹೊರತರುವ ಪ್ರಾಯೋಗಿಕ ಪತ್ರಿಕೆಯ ಹಿಂದಿನ ಸಂಚಿಕೆಗಳನ್ನು ಕೇಳಿ ಓದಬೇಕು. ಅದು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ವರದಿಗಳಿಗಾಗಿ ಯಾರಾದರೂ ಊರೊಳಗೆ ಅಲೆದಿದ್ದಾರೆಯೇ, ಬರೆದದ್ದನ್ನು ಅಧ್ಯಾಪಕರು ಸಾಲು ಸಾಲಾಗಿ ತಿದ್ದಿ ಮತ್ತೆ ಬರೆಸುತ್ತಾರೆಯೇ ಎಂದು ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಬೇಕು. ತಿದ್ದುವವರಿಲ್ಲದ ಕಡೆ ಕಟ್ಟಡ, ಸ್ಟುಡಿಯೊ ಎಷ್ಟು ಚೆನ್ನಾಗಿದ್ದರೂ ಬರವಣಿಗೆ ಬೆಳೆಯುವುದಿಲ್ಲ.

ಡಿಪ್ಲೊಮಾ ಬಯಸುವವರಿಗೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜರ್ನಲಿಸಂ ಆ್ಯಂಡ್ ನ್ಯೂ ಮೀಡಿಯಾ ಇದೆ. ಬೆಂಗಳೂರಿನಲ್ಲೇ ಹುಟ್ಟಿ 2000ದಲ್ಲಿ ಚೆನ್ನೈಗೆ ಸ್ಥಳಾಂತರವಾದ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ ಇದೆ. ಇವೆರಡರಲ್ಲೂ ಬೋಧನೆ ಇಂಗ್ಲಿಷಿನಲ್ಲಿ. 1965ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಜನಸಂಚಾರ ಸಂಸ್ಥಾನವು ಹಿಂದಿ, ಉರ್ದು, ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮಗಳಿಗೆ ಪ್ರತ್ಯೇಕ ಡಿಪ್ಲೊಮಾ ರೂಪಿಸಿದೆ. ಕನ್ನಡಕ್ಕೂ ಅಂಥದ್ದೊಂದು ಆಗಬೇಕು.

ಈಗಾಗಲೇ ಕೆಲಸದಲ್ಲಿರುವವರ ಅಗತ್ಯವೇ ಬೇರೆ. ಬಡ್ತಿಗೋ ಬೋಧನೆಗೋ ಪದವಿ ಬೇಕಿದ್ದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಗ್ನೋದಲ್ಲಿ ದೂರಶಿಕ್ಷಣದ ಮೂಲಕ ಎಂ.ಎ. ಮಾಡಬಹುದು, ಸೇರುವ ವರ್ಷಕ್ಕೆ ಆ ಕೋರ್ಸಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) ದೂರಶಿಕ್ಷಣ ಬ್ಯೂರೊದ ಮಾನ್ಯತೆ ಇದೆಯೇ ಎಂದು ಪರಿಶೀಲಿಸದೆ ಹಣ ಕಟ್ಟಬಾರದು. ಆದರೆ ಐದಾರು ವರ್ಷ ಡೆಸ್ಕಿನಲ್ಲಿ ದುಡಿದವರು ಸುದ್ದಿ ಬರೆಯುವುದನ್ನು ಮತ್ತೆ ಕಲಿಯುವುದಕ್ಕಿಂತ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಪರಿಸರ ವಿಜ್ಞಾನದಂಥ ಒಂದು ವಿಷಯವನ್ನು ಆಳವಾಗಿ ಓದುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಿಲ್ಲಾ ಪಂಚಾಯಿತಿಯ ಆಯವ್ಯಯವನ್ನು ಸ್ವತಃ ಓದಿ ಅರ್ಥಮಾಡಿಕೊಳ್ಳಬಲ್ಲ ವರದಿಗಾರನಿಗೆ ಅಧಿಕಾರಿಗಳ ಹೇಳಿಕೆಗಾಗಿ ಕಾಯುವ ಪಾಡು ಇರುವುದಿಲ್ಲ. ನ್ಯಾಯಾಲಯದ ವರದಿಗಾರರಿಗೆ ಮೂರು ವರ್ಷದ ಎಲ್‌ಎಲ್‌ಬಿ ನೆರವಾಗುತ್ತದೆ, ಆದರೆ ಅದನ್ನು ದೂರಶಿಕ್ಷಣದಲ್ಲಿ ಮಾಡಲು ಬಾರ್ ಕೌನ್ಸಿಲ್ ಒಪ್ಪುವುದಿಲ್ಲವಾದ್ದರಿಂದ ತರಗತಿಯ ವೇಳೆಗೆ ಪಾಳಿ ಹೊಂದುತ್ತದೆಯೇ ಎಂದು ಮೊದಲೇ ಸಂಪಾದಕರೊಡನೆ ಮಾತನಾಡಿಕೊಳ್ಳಬೇಕು.

ವಿದೇಶದಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವು ವೃತ್ತಿ ಕಲಿಯುವವರಿಗೆ ಎಂ.ಎಸ್., ಅನುಭವಿಗಳಿಗೆ ವಿಷಯ ಪರಿಣತಿಯ ಎಂ.ಎ. ಎಂದು ಎರಡು ದಾರಿಗಳನ್ನು ಬೇರ್ಪಡಿಸಿದೆ. ಖರ್ಚು ಮಾತ್ರ ಬಹಳ ದೊಡ್ಡದು. ಕನ್ನಡ ಪತ್ರಿಕೆಯ ಸಂಬಳವನ್ನು ನಂಬಿ ಅಷ್ಟು ಸಾಲ ಮಾಡುವುದು ಸರಿಯಲ್ಲ. ಕನಿಷ್ಠ ಎರಡು ವರ್ಷದ ಅನುಭವವಿದ್ದವರು ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಓದಿಗೆ ಚೀವ್ನಿಂಗ್ ವಿದ್ಯಾರ್ಥಿವೇತನ ಕೋರಬಹುದು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬುದು ಅದರ ಷರತ್ತು. ಹಾರ್ವರ್ಡಿನ ನೀಮನ್ ಫೆಲೋಶಿಪ್ ಪದವಿ ನೀಡುವುದಿಲ್ಲ, ಓದಲು ಬಿಡುವು ನೀಡುತ್ತದೆ.

ಇಂಥ ಅರ್ಜಿಗಳೊಡನೆ ಪ್ರಕಟಿತ ವರದಿಗಳನ್ನೂ ಕೇಳುವುದುಂಟು. ಜಿಲ್ಲಾ ಆವೃತ್ತಿಯ ಪುಟಗಳು ವರ್ಷ ಕಳೆದ ಮೇಲೆ ಕೈಗೆ ಸಿಗುವುದು ಕಷ್ಟವಾದ್ದರಿಂದ, ಉತ್ತಮವೆನಿಸಿದ ಪ್ರತಿ ವರದಿಯನ್ನು ದಿನಾಂಕದ ಸಮೇತ ಅಂದೇ ತೆಗೆದಿರಿಸಿ, ಐದಾರನ್ನಾದರೂ ಆಯ್ದು ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಳ್ಳಬೇಕು.