ಕೊನೆಯ ಬೆಂಚಿಗೂ ಕೇಳಿಸಬೇಕು: ತರಗತಿಯಲ್ಲಿ ಉಚಿತ ವಿಡಿಯೊ ಕರೆ, ನನ್ನ ಅನುಭವ

2020ರಲ್ಲಿ ಶಾಲೆಗಳು ಮುಚ್ಚಿದಾಗ ಶಿಕ್ಷಕರಾದ ನಾವೆಲ್ಲ ಅನಿವಾರ್ಯವಾಗಿ ಜೂಮ್, ಗೂಗಲ್ ಮೀಟ್ ಕಲಿತೆವು. ಆಗ ಪ್ರತಿ ಮಗುವೂ ತನ್ನ ಮನೆಯಲ್ಲಿ, ತನ್ನ ಮೈಕ್ ಮುಂದೆ ಕುಳಿತಿತ್ತು. ಮಕ್ಕಳು ಶಾಲೆಗೆ ಮರಳಿದ ಮೇಲೆ ಅದೇ ತಂತ್ರಾಂಶಗಳನ್ನು ನಾನು ಬೇರೆ ಕೆಲಸಕ್ಕೆ ಹಚ್ಚಿದೆ. ಪಾಠಕ್ಕೆ ಸಂಬಂಧಪಟ್ಟವರನ್ನು ಅವರಿದ್ದಲ್ಲಿಂದಲೇ ತರಗತಿಗೆ ಕರೆಸತೊಡಗಿದೆ. ದೂರದ ಶಾಲೆಗಳ ಮಕ್ಕಳೊಂದಿಗೆ ನಮ್ಮ ಮಕ್ಕಳನ್ನು ಮಾತಿಗೆ ಕೂರಿಸಿದೆ. ಇಲ್ಲಿ ಲೆಕ್ಕಾಚಾರವೇ ತಿರುಗುಮುರುಗು. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಅದರೆದುರು ಇಡೀ ತರಗತಿ. ಚಿತ್ರ ಸ್ವಲ್ಪ ಮಸುಕಾದರೂ ಮಕ್ಕಳು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಕೊನೆಯ ಬೆಂಚು ಮೊದಲು ಕೈಬಿಡುತ್ತದೆ, ಅದರ ಹಿಂದೆಯೇ ಮಧ್ಯದ ಬೆಂಚು. ಹಾಗಾಗಿ ನನ್ನ ತಯಾರಿಯಲ್ಲಿ ಮುಕ್ಕಾಲು ಪಾಲು ಧ್ವನಿಗೇ ಮೀಸಲು.

ಲ್ಯಾಪ್‌ಟಾಪ್‌ನ ಸ್ಪೀಕರ್ ಒಂದು ಮೇಜಿಗೆ ಸಾಕು, ಒಂದು ಕೋಣೆಗೆ ಸಾಲದು. ತಂತಿಯಿಂದ ಜೋಡಿಸುವ ಸಾಧಾರಣ ಸ್ಪೀಕರ್ ಆದರೂ ಬೇಕೇ ಬೇಕು. ಬ್ಲೂಟೂತ್ ಸ್ಪೀಕರ್‌ನಲ್ಲಿ ಧ್ವನಿ ತುಸು ತಡವಾಗಿ ಹೊರಬರುವುದರಿಂದ ಪ್ರತಿಧ್ವನಿಯನ್ನು ಅಳಿಸುವ ತಂತ್ರಾಂಶದ ಕೆಲಸ ಕಷ್ಟವಾಗುತ್ತದೆ. ಅತಿಥಿಯ ಮಾತು ನಮಗೆ ಕೇಳಿಸುವುದಕ್ಕೆ ಇಷ್ಟು ಸಾಕು. ಮಕ್ಕಳ ಮಾತನ್ನು ಅತಿಥಿಗೆ ಮುಟ್ಟಿಸುವುದೇ ನಿಜವಾದ ಪೇಚಾಟ. ಹಿಂದಿನ ಸಾಲಿನ ಹುಡುಗಿಯ ಪ್ರಶ್ನೆ ಮುಂದಿನ ಮೇಜಿನ ಮೇಲಿರುವ ಲ್ಯಾಪ್‌ಟಾಪ್‌ಗೆ ಗೊಣಗಾಟದಂತೆ ಕೇಳಿಸುತ್ತದೆ. ಪ್ರಶ್ನೆ ಇರುವವರನ್ನು ಮುಂದಕ್ಕೆ ಕರೆಯಬಹುದು, ಆದರೆ ಎದ್ದು ಬರಲು ಸಂಕೋಚಪಡುವ ಮಕ್ಕಳು ಆಗ ಪ್ರಶ್ನೆಯನ್ನೇ ನುಂಗಿಕೊಳ್ಳುತ್ತಾರೆ.

ನಾನು ಕಂಡುಕೊಂಡ ಉಪಾಯ ಹೀಗಿದೆ. ನನ್ನ ಮೊಬೈಲನ್ನೂ ಅದೇ ಕರೆಗೆ ಇನ್ನೊಬ್ಬ ಸದಸ್ಯನಂತೆ ಸೇರಿಸುತ್ತೇನೆ. ಅದರ ಸ್ಪೀಕರ್ ಪೂರ್ತಿ ಬಂದ್, ಮೈಕ್ ಮಾತ್ರ ಬಳಕೆಗೆ. ಒಬ್ಬ ವಿದ್ಯಾರ್ಥಿಗೆ ಅದನ್ನು ಬೆಂಚಿನಿಂದ ಬೆಂಚಿಗೆ ಒಯ್ಯುವ ಹೊಣೆ. ಪ್ರಶ್ನೆ ಕೇಳುವಾಗ ಮಾತ್ರ ಮೈಕ್ ತೆರೆಯಬೇಕು, ಕೇಳಿ ಮುಗಿದ ಕೂಡಲೇ ಮುಚ್ಚಬೇಕು. ಮೊಬೈಲ್ ಮೈಕ್ ತೆರೆದಿರುವಷ್ಟು ಹೊತ್ತು ಲ್ಯಾಪ್‌ಟಾಪ್‌ನ ಮೈಕ್ ಮುಚ್ಚಿರಬೇಕು. ಈ ಶಿಸ್ತು ಯಾಕೆಂದರೆ, ಪ್ರತಿಯೊಂದು ಸಾಧನವೂ ತಾನು ನುಡಿಸಿದ ಧ್ವನಿಯನ್ನಷ್ಟೇ ಗುರುತಿಸಿ ಅಳಿಸಬಲ್ಲದು. ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಬಂದದ್ದು ಅತಿಥಿಯದೇ ಧ್ವನಿ ಎಂಬುದು ಮೊಬೈಲ್‌ಗೆ ಗೊತ್ತಾಗುವುದಿಲ್ಲ. ಅದು ಆ ಧ್ವನಿಯನ್ನು ಹೊಸ ಮಾತೆಂದು ತಿಳಿದು ಮರಳಿ ಕಳುಹಿಸುತ್ತದೆ. ತನ್ನ ಮಾತೇ ಅರೆಕ್ಷಣ ತಡವಾಗಿ ಕಿವಿಗೆ ಬೀಳುತ್ತಿದ್ದರೆ ಎಂಥ ವಾಚಾಳಿಯೂ ತೊದಲುತ್ತಾನೆ. ಮೊಬೈಲ್ ಹಿಡಿಯುವ ಹೊಣೆಯನ್ನು ತರಗತಿಯ ಅತ್ಯಂತ ಚಡಪಡಿಕೆಯ ಹುಡುಗನಿಗೆ ಕೊಡುವುದು ನನ್ನ ರೂಢಿ. ಅವನಿಗೂ ಒಂದು ಕೆಲಸವಾಯಿತು, ನನಗೂ ನೆಮ್ಮದಿ.

ಯಾವ ತಂತ್ರಾಂಶ ಒಳ್ಳೆಯದು ಎಂಬ ಚರ್ಚೆಯಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ. ಸಮಯದ ಮಿತಿ ಮಾತ್ರ ಗೊತ್ತಿರಲಿ. ಜೂಮ್‌ನ ಉಚಿತ ಖಾತೆಯಲ್ಲಿ ಕರೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಉಚಿತ ಗೂಗಲ್ ಮೀಟ್‌ನಲ್ಲಿ ಇಬ್ಬರೇ ಇದ್ದರೆ 24 ಗಂಟೆಯವರೆಗೂ ಮಾತನಾಡಬಹುದು. ಮೂವರು ಅಥವಾ ಹೆಚ್ಚು ಜನರಾದರೆ 60 ನಿಮಿಷ. ಮೇಲೆ ಹೇಳಿದ ಮೊಬೈಲ್ ಕೂಡ ಒಬ್ಬ ಸದಸ್ಯನೇ ಎಂಬುದನ್ನು ಮರೆಯಬಾರದು. ಮುಕ್ತ ತಂತ್ರಾಂಶವಾದ ಜಿಟ್ಸಿ ಮೀಟ್‌ನಲ್ಲಿ ಮೊದಲು ಯಾರಿಗೂ ಖಾತೆ ಬೇಕಿರಲಿಲ್ಲ. 2023ರ ಆಗಸ್ಟ್‌ನಿಂದ ಅದರ ಸಾರ್ವಜನಿಕ ತಾಣದಲ್ಲಿ ಕೋಣೆ ತೆರೆಯುವವರು ಲಾಗಿನ್ ಆಗಬೇಕು. ಮೂರರಲ್ಲೂ ಶಿಕ್ಷಕರ ಒಂದು ಖಾತೆ ಇದ್ದರೆ ಸಾಕು, ಮಕ್ಕಳ ಹೆಸರಿನಲ್ಲಿ ಏನನ್ನೂ ತೆರೆಯಬೇಕಾಗಿಲ್ಲ. ಮಕ್ಕಳ ವಿವರ ಎಲ್ಲಿಯೂ ದಾಖಲಾಗುವುದಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಒಂದೇ ಪರದೆಯ ದೊಡ್ಡ ಲಾಭ. 40 ನಿಮಿಷದ ಮಿತಿಯ ಬಗ್ಗೆಯೂ ನನಗೆ ದೂರಿಲ್ಲ. ಅತಿಥಿ ಎಷ್ಟೇ ಸೊಗಸಾಗಿ ಮಾತನಾಡಿದರೂ ಅದಕ್ಕಿಂತ ಹೆಚ್ಚು ಹೊತ್ತು ಪರದೆಯನ್ನೇ ನೋಡುತ್ತಾ ಕೂರುವುದು ಮಕ್ಕಳಿಗೆ ಶಿಕ್ಷೆ.

ಅತಿಥಿಗೆ ನಾನು ಮುಂಚಿತವಾಗಿ ವಿಷಯ ತಿಳಿಸುತ್ತೇನೆ, ಪ್ರಶ್ನೆಗಳನ್ನು ಕಳುಹಿಸುವುದಿಲ್ಲ. ಕಳುಹಿಸಿದರೆ ಅವರು ಉತ್ತರಗಳನ್ನು ಸಿದ್ಧಪಡಿಸಿಕೊಂಡು ಭಾಷಣ ಮಾಡುತ್ತಾರೆ. ಹತ್ತು ನಿಮಿಷ ನಿಮ್ಮ ಕೆಲಸವನ್ನು ತೋರಿಸಿ, ಉಳಿದದ್ದು ಮಕ್ಕಳ ಸರದಿ ಎಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಮುಖ ಮಾಡಿ ಕೂರಿ ಎಂಬುದು ಇನ್ನೊಂದು ಕೋರಿಕೆ. ಕುಳಿತು ಮಾತನಾಡುವವರಿಗಿಂತ ಮೊಬೈಲ್ ಹಿಡಿದು ಓಡಾಡುವವರು ಮಕ್ಕಳಿಗೆ ಹೆಚ್ಚು ಹಿಡಿಸುತ್ತಾರೆ.

ಜೇನು ಸಾಕುವವರೊಬ್ಬರು ಪೆಟ್ಟಿಗೆಯ ಮುಚ್ಚಳ ತೆಗೆದು ಚೌಕಟ್ಟನ್ನು ಎತ್ತಿ ತೋರಿಸಿದರು. ಸಾವಿರಾರು ಹುಳುಗಳು ಪರದೆ ತುಂಬ ಹರಿದಾಡುತ್ತಿದ್ದರೂ ಸದ್ದೇ ಇಲ್ಲ. ‘ಇವು ಮೂಕ ಜೇನೇ?’ ಎಂದು ಒಬ್ಬ ಕೇಳಿಯೇಬಿಟ್ಟ. ಆದದ್ದು ಇಷ್ಟೆ: ಒಂದೇ ಸಮನೆ ಬರುವ ಸದ್ದನ್ನು ತಂತ್ರಾಂಶ ಫ್ಯಾನಿನ ಗದ್ದಲವೆಂದು ಎಣಿಸಿ ತೆಗೆದುಹಾಕುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯಿದೆ. ಅವರು ತಮ್ಮ ಮೊಬೈಲ್‌ನಲ್ಲಿ ಅದನ್ನು ಒತ್ತಿದ ಕೂಡಲೇ ಝೇಂಕಾರ ಕೋಣೆಯನ್ನು ತುಂಬಿತು. ಜೇನುಹುಳು ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡಿಯುತ್ತದೆ, ನಾವು ಕೇಳುವ ಸ್ವರ ಅದೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ಕೊಳಲು, ತಬಲಾ, ಮಳೆಯ ಸದ್ದು ಏನೇ ಕೇಳಿಸಬೇಕಿದ್ದರೂ ಈ ಆಯ್ಕೆ ನೆನಪಿರಲಿ.

ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆಸುತ್ತೇನೆ. ಅಂತರ್ಜಾಲದಲ್ಲಿ ಸಿಗುವ ಉತ್ತರದ ಪ್ರಶ್ನೆಯನ್ನು ಮಕ್ಕಳೇ ಸೇರಿ ಹೊಡೆದುಹಾಕುತ್ತಾರೆ. ‘ಜೇನುತುಪ್ಪದಲ್ಲಿ ಏನೇನಿರುತ್ತದೆ’ ಹೋಗುತ್ತದೆ, ‘ನಿಮಗೆ ಕಚ್ಚಿಸಿಕೊಂಡು ಅಭ್ಯಾಸವಾಗಿದೆಯೇ’ ಉಳಿಯುತ್ತದೆ. ಕರೆಯಲ್ಲಿ ಮಾತು ತಲುಪುವುದು ಸ್ವಲ್ಪ ತಡ. ಹಾಗಾಗಿ ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯಬೇಕು, ನಡುವೆ ಬಾಯಿ ಹಾಕಬಾರದು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಸರಾಸರಿ ಒಂದು ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಗುಣವೂ ಹೆಚ್ಚುತ್ತದೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ತರಬೇತಿಯಲ್ಲಿ ಓದಿ ಮರೆತಿದ್ದ ಆ ಮೂರು ಸೆಕೆಂಡನ್ನು ನಿಧಾನದ ಇಂಟರ್ನೆಟ್ ನನಗೆ ಬಲವಂತವಾಗಿ ರೂಢಿ ಮಾಡಿಸಿತು.

ಇನ್ನೊಂದು ಶಾಲೆಯೊಂದಿಗೆ ಕರೆ ಮಾಡುವುದಾದರೆ ಊರು ಪತ್ತೆಹಚ್ಚುವ ಆಟದಿಂದ ಆರಂಭಿಸಿ. ಸ್ಕೈಪ್ ಇದ್ದ ಕಾಲದಲ್ಲಿ ಇದು ‘ಮಿಸ್ಟರಿ ಸ್ಕೈಪ್’ ಎಂದೇ ಶಿಕ್ಷಕರಲ್ಲಿ ಹೆಸರಾಗಿತ್ತು. 2003ರಲ್ಲಿ ಹುಟ್ಟಿದ ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು, ಆಟಕ್ಕೆ ಅದರಿಂದ ಏನೂ ಆಗಿಲ್ಲ. ಎರಡೂ ತರಗತಿಗಳು ತಾವೆಲ್ಲಿದ್ದೇವೆ ಎಂದು ಹೇಳದೆ, ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆಗಳಿಂದಲೇ ಒಬ್ಬರ ನೆಲೆಯನ್ನು ಇನ್ನೊಬ್ಬರು ಕಂಡುಹಿಡಿಯಬೇಕು. ಕೆಲವರು ನಕ್ಷೆ ಹಿಡಿಯುತ್ತಾರೆ, ಕೆಲವರು ಉತ್ತರ ಬರೆದುಕೊಳ್ಳುತ್ತಾರೆ, ಇಬ್ಬರು ಪ್ರಶ್ನೆ ಕೇಳುತ್ತಾರೆ. ಮೊದಮೊದಲು ಮಕ್ಕಳು ‘ನೀವು ಜಪಾನಿನಲ್ಲಿದ್ದೀರಾ?’ ಎಂದು ಕತ್ತಲಲ್ಲಿ ಕಲ್ಲೆಸೆಯುತ್ತಾರೆ. ಉಳಿದ ಸಾಧ್ಯತೆಗಳನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುವ ಪ್ರಶ್ನೆ ಕೇಳಿದರೆ ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲಿ ಒಂದನ್ನು ಹಿಡಿಯಲು 8 ಪ್ರಶ್ನೆ ಸಾಕು, ಏಕೆಂದರೆ ಎರಡರ ಎಂಟನೆಯ ಘಾತ 256. ಇದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದ ಮೇಲೆ ‘ನೀವು ಭೂಮಧ್ಯರೇಖೆಯ ಉತ್ತರಕ್ಕಿದ್ದೀರಾ?’ ಎಂಬ ಪ್ರಶ್ನೆಗಳು ಬರತೊಡಗುತ್ತವೆ. ಭೂಗೋಳದ ಅವಧಿಯಲ್ಲಿ ಗಣಿತವನ್ನು ಕಳ್ಳತನದಿಂದ ಸೇರಿಸಿದ ಖುಷಿ ನನ್ನದು.

ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಹಾಡಿಸುವ ಆಸೆ ಮಾತ್ರ ಬೇಡ. ದೂರವಾಣಿ ಸಂಭಾಷಣೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸುವ ವಿಳಂಬದ ಮಿತಿ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್. ಮಾತಿಗೆ ಅಷ್ಟು ತಡ ಲೆಕ್ಕಕ್ಕಿಲ್ಲ, ತಾಳಕ್ಕೆ ಅದು ಪ್ರಳಯ. ಒಂದು ಶಾಲೆ ಹಾಡಿ ಮುಗಿಸಲಿ, ಆಮೇಲೆ ಇನ್ನೊಂದು ಹಾಡಲಿ.

ಸುರಕ್ಷತೆಯ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಲಿಂಕ್ ಅತಿಥಿಗೆ ಮಾತ್ರ ಹೋಗಬೇಕು, ಯಾವ ಗುಂಪಿನಲ್ಲೂ ಹಂಚಬಾರದು. 2020ರಲ್ಲಿ ಅಪರಿಚಿತರು ತರಗತಿಗಳಿಗೆ ನುಗ್ಗಿ ಅಸಹ್ಯ ಚಿತ್ರಗಳನ್ನು ತೋರಿಸಿದ ಪ್ರಕರಣಗಳಿಗೆ ಬಹುತೇಕ ದಾರಿಯಾದದ್ದು ಹೀಗೆ ಹಂಚಿಹೋದ ಲಿಂಕ್‌ಗಳೇ. ಆ ವರ್ಷದ ಏಪ್ರಿಲ್‌ನಿಂದ ಜೂಮ್ ತನ್ನ ಉಚಿತ ಖಾತೆಗಳಿಗೆ ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮ್ ಅನ್ನು ತಾನಾಗಿಯೇ ಜೋಡಿಸಿತು, ಅವನ್ನು ತೆಗೆಯಬೇಡಿ. ಪರದೆ ಹಂಚುವ ಅಧಿಕಾರ ನನ್ನ ಕೈಯಲ್ಲೇ ಇರುತ್ತದೆ, ಅತಿಥಿ ಬಂದ ಮೇಲೆ ಕೋಣೆಗೆ ಬೀಗ. ಪರದೆಯ ಮೇಲೆ ಕಾಣುವುದು ‘ಏಳನೆಯ ತರಗತಿ’ ಎಂಬ ಹೆಸರಷ್ಟೇ. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ರೆಕಾರ್ಡಿಂಗ್ ಇಲ್ಲ.

ಸಂಪರ್ಕ ಸೊರಗಿದಾಗ ಮೊದಲು ನಮ್ಮ ಕ್ಯಾಮೆರಾ ಆರಿಸುತ್ತೇನೆ, ಆಮೇಲೆ ಅತಿಥಿಯ ಕ್ಯಾಮೆರಾ. ಧ್ವನಿಗೆ ಬೇಕಾದ ಡೇಟಾ ವಿಡಿಯೊಗೆ ಬೇಕಾದದ್ದರ ಒಂದು ಸಣ್ಣ ಪಾಲು. ಚಿತ್ರ ನಿಂತರೂ ಮಾತು ಓಡುತ್ತದೆ. ಅದೂ ನಿಂತರೆ ಸಾಮಾನ್ಯ ಫೋನ್ ಕರೆ ಮಾಡಿ ಮೊಬೈಲನ್ನು ತಂತಿಯಿಂದ ಅದೇ ಸ್ಪೀಕರ್‌ಗೆ ಜೋಡಿಸುತ್ತೇನೆ. ಅತಿಥಿಯ ಫೋಟೊಗಳನ್ನು ಮೊದಲೇ ತರಿಸಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿರುವುದರಿಂದ ಪ್ರೊಜೆಕ್ಟರ್ ಕೂಡ ಖಾಲಿ ಇರುವುದಿಲ್ಲ. ಹಾಗೆ ಫೋನಿನಲ್ಲೇ ಮುಗಿದ ಒಂದು ಅವಧಿಯಲ್ಲಿ ಮಕ್ಕಳು ಎಂದಿಗಿಂತ ಹೆಚ್ಚು ಪ್ರಶ್ನೆ ಕೇಳಿದರು. ಸಮಯ ಸಾಲದೆ ಉಳಿದವನ್ನು ಒಂದು ಹಾಳೆಯಲ್ಲಿ ಬರೆಸಿ ಅತಿಥಿಗೆ ಕಳುಹಿಸುವ ಪದ್ಧತಿ ಶುರುವಾದದ್ದು ಅಂದಿನಿಂದ. ಉತ್ತರವನ್ನು ಧ್ವನಿಮುದ್ರಿಸಿ ಕಳುಹಿಸಿ ಎಂದು ಕೇಳಿಕೊಳ್ಳುತ್ತೇನೆ; ಬರೆಯಲು ಬೇಸರಪಡುವವರೂ ಮಾತನಾಡಿ ಕಳುಹಿಸುತ್ತಾರೆ, ಮುಂದಿನ ಅವಧಿಯ ಆರಂಭದಲ್ಲಿ ಅದನ್ನೇ ಹಾಕುತ್ತೇನೆ.